ಆಮ್ಲಜನಕ ಬಲ್ಲವನಿಗೆ ಆಕ್ಸಿಜನ್ ಕಷ್ಟವೇ?

'30 ದಿನಗಳಲ್ಲಿ ಇಂಗ್ಲಿಷ್!' ಬೆಂಗಳೂರಿನ ಕಂಬ ಕಂಬಕ್ಕೂ ಇದೇ ಚೀಟಿ. ನಂಬಿ ಹೋದ ನಮ್ಮ ಹುಡುಗನಿಗೆ ಅಲ್ಲಿ ಸಿಗುವ ಮೊದಲ ಉಪದೇಶವೇನು ಗೊತ್ತೆ? 'ಕನ್ನಡ ಮರೆತುಬಿಡು!' ಆಮೇಲೆ ದಿನಕ್ಕೊಂದು ಪದಗಳ ಪಟ್ಟಿ, ಗಿಳಿಪಾಠ. ತಿಂಗಳು ಕಳೆಯುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಕೊನೆಗೆ ತಪ್ಪು ಯಾರದು? 'ನೀನು ಕನ್ನಡ ಮೀಡಿಯಂ, ನಿನ್ನಿಂದಾಗದು!'

ಇದು ಹಸಿ ಸುಳ್ಳು!

ಯುವಮಿತ್ರರೇ, 2021ರ ಕೋವಿಡ್ ದಿನಗಳನ್ನು ನೆನೆಯಿರಿ. ಪತ್ರಿಕೆಗಳ ತುಂಬ ಆಮ್ಲಜನಕದ್ದೇ ಸುದ್ದಿ. ಆಮ್ಲ ಎಂದರೆ ಹುಳಿ, ಜನಕ ಎಂದರೆ ಹುಟ್ಟಿಸುವುದು. ಆಕ್ಸಿಜನ್ ಎಂಬ ಪದದ ಗ್ರೀಕ್ ಬೇರುಗಳ ಅರ್ಥವೂ ಅದೇ! ಹೈಡ್ರೊಜನ್ ನಮ್ಮಲ್ಲಿ ಜಲಜನಕ. 'ಹೈಡ್ರೊ' ನೀರು ಎಂದು ತಿಳಿದವನಿಗೆ ಡಿಹೈಡ್ರೇಷನ್ ತಾನೇ ತಿಳಿಯುತ್ತದೆ: ನಿರ್ಜಲೀಕರಣ. 'ಗ್ರಾಫ್' ಬರಹ, ಹಾಗಾಗಿ ಫೋಟೊಗ್ರಾಫ್ ಬೆಳಕಿನ ಬರಹ, ಆಟೊಗ್ರಾಫ್ ಸ್ವಂತ ಬರಹ, ಬಯಾಗ್ರಫಿ ಬಾಳಿನ ಬರಹ. ಒಂದು ಬೇರು ಹಿಡಿದರೆ ಹತ್ತು ಪದ ಕೈಗೆ ಬರುತ್ತವೆ. ಫೋಟೊಸಿಂಥೆಸಿಸ್ ಎಂದು ಬರೀ ಉರು ಹೊಡೆದವನಿಗಿಂತ, ದ್ಯುತಿಸಂಶ್ಲೇಷಣೆಯನ್ನು ಬಿಡಿಸಿ ಅರಿತವನೇ ಮುಂದೆ!

ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲ್ ಕನ್ನಡ ಕಲಿತು, ಊರ ಜನರನ್ನು ಕೇಳಿ ಕೇಳಿ ಪದ ಕೂಡಿಸಿ, 1894ರಲ್ಲಿ ಮಂಗಳೂರಿನಿಂದ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದರು. ಸುಮಾರು 70 ಸಾವಿರ ಪದಗಳು! ಒಂದು ನುಡಿಯ ಪದವನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದ್ದರಿಂದಲೇ ಆ ಕೆಲಸ ಆಯಿತು. ಯಾವ ಭಾಷೆಯನ್ನೂ ಅವರು ಮರೆಯಬೇಕಾಗಲಿಲ್ಲ. ನಮಗೆ ಮಾತ್ರ ಏಕೆ ಮರೆವಿನ ಪಾಠ?

ನಾವು ಇಂಗ್ಲಿಷಿನ ಶತ್ರುಗಳಲ್ಲ. ಕೆಲಸಕ್ಕೆ ಅದು ಬೇಕು, ಕಲಿಯೋಣ. ಮಾತಾಡಲು ಅಭ್ಯಾಸ ಬೇಕು, ಮಾಡೋಣ. ಆದರೆ ತಾಯ್ನುಡಿಗೆ ಬೀಗ ಹಾಕಿ ಕಲಿಸುತ್ತೇವೆನ್ನುವವರಿಗೆ ಒಂದು ಪೈಸೆಯನ್ನೂ ಕೊಡುವುದು ಬೇಡ! ಕನ್ನಡ ಶಾಲೆಗಳಲ್ಲಿ ಪ್ರತಿ ಇಂಗ್ಲಿಷ್ ಪದವನ್ನೂ ಬೇರು ಬಿಡಿಸಿ, ಕನ್ನಡದ ಅರ್ಥದೊಡನೆ ಕಲಿಸಲಿ. ಇದು ನಮ್ಮ ಹಕ್ಕೊತ್ತಾಯ.

ಅಲ್ಲಿಯವರೆಗೆ ಕಾಯಬೇಡಿ. ಇಂದೇ ಒಂದು ನೋಟ್‌ಪುಸ್ತಕ ಕೊಳ್ಳಿ. ಪುಟದಲ್ಲಿ ಮೂರು ಸಾಲು ಗೀಟು ಹಾಕಿ: ಮೊದಲು ಬೇರು, ಆಮೇಲೆ ಕನ್ನಡದ ಅರ್ಥ, ಕೊನೆಗೆ ಅದರಿಂದ ಹುಟ್ಟಿದ ಇಂಗ್ಲಿಷ್ ಪದಗಳು. ನಿಘಂಟು ಪಕ್ಕದಲ್ಲಿರಲಿ.

ಸಂದರ್ಶನದಲ್ಲಿ 'ಕನ್ನಡ ಮೀಡಿಯಮ್ಮಾ?' ಎಂದು ಯಾರಾದರೂ ಮೂಗು ಮುರಿದರೆ ತಲೆ ತಗ್ಗಿಸಬೇಡಿ. 'ಹೌದು ಸ್ವಾಮಿ, ಅದಕ್ಕೇ ಪದದ ಅರ್ಥ ಗೊತ್ತು' ಎನ್ನಿ!