ಧೈರ್ಯ ಇದೆ, ಗೇಟ್ ತೆಗೀರಿ

ನಮ್ಮ ಸೈಕ್ಲಿಂಗ್ ಗ್ರೂಪಿನಲ್ಲಿ ಪ್ರತಿ ಸಲ ಒಂದೇ ಮಾತು: "ಹುಡುಗೀರು ಬರೋದೇ ಇಲ್ಲಪ್ಪ, ಅವರಿಗೆ ಕಾನ್ಫಿಡೆನ್ಸ್ ಕಮ್ಮಿ." ನಂದಿ ಬೆಟ್ಟದ ರೈಡ್ ಹೊರಡೋದು ಬೆಳಗಿನ ಜಾವ ನಾಲ್ಕೂವರೆಗೆ. ಲೇಡೀಸ್ ಹಾಸ್ಟೆಲ್ ಗೇಟ್ ತೆಗೆಯೋದು ಆರಕ್ಕೆ. ಇದರಲ್ಲಿ ಕಾನ್ಫಿಡೆನ್ಸ್ ಮಾತು ಎಲ್ಲಿಂದ ಬಂತು?

ಒಲಿಂಪಿಕ್ಸ್‌ನಲ್ಲಿ ಗಂಡಸರ ಸೈಕ್ಲಿಂಗ್ 1896ರಲ್ಲೇ ಶುರುವಾಯಿತು. ಹೆಂಗಸರಿಗೆ ಮೊದಲ ಸೈಕಲ್ ರೇಸ್ ಸಿಕ್ಕಿದ್ದು 1984ರಲ್ಲಿ. ಆ 88 ವರ್ಷ ಅವರಿಗೆ ಧೈರ್ಯ ಇರಲಿಲ್ಲ ಅಂತಲ್ಲ, ರೇಸೇ ಇರಲಿಲ್ಲ.

ಹಾಗಂತ ಧೈರ್ಯ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಅದು ಭಾಷಣದಿಂದ ಬರಲ್ಲ. ಹೋದ ತಿಂಗಳು ಸೀನಿಯರ್ ಅಕ್ಕ ಒಬ್ಬರು ನನಗೆ ಪಂಕ್ಚರ್ ಹಾಕೋದು ಕಲಿಸಿದ್ರು. ನಾಲ್ಕನೇ ಸಲಕ್ಕೆ ಟ್ಯೂಬಲ್ಲಿ ಗಾಳಿ ನಿಂತಿತು. ಅವತ್ತಿಂದ ಒಬ್ಬಳೇ ದೂರ ಹೋಗೋಕೆ ಭಯ ಇಲ್ಲ.

ಬಿಸಿಲು ಏರೋದ್ರೊಳಗೆ ವಾಪಸ್ ಬರಬೇಕು, ಹಾಗಾಗಿ ರೈಡ್ ಟೈಮ್ ಬದಲಿಸಿ ಅಂತ ಕೇಳಲ್ಲ. ಹುಡುಗರೇ, ದಾರಿಯಲ್ಲಿ ಟಾಯ್ಲೆಟ್ ಎಲ್ಲಿದೆ ಅಂತ ಮೊದಲೇ ನೋಡಿಡಿ. ಹಿಂದೆ ಉಳಿದವರ ಜೊತೆ ಒಬ್ಬರಾದ್ರೂ ಇರಲಿ. ವಾರ್ಡನ್ ಮೇಡಂ, ಬೇಕಾದ್ರೆ ಸಹಿ ಹಾಕಿಸಿಕೊಳ್ಳಿ, ಭಾನುವಾರ ಒಂದು ದಿನ ನಾಲ್ಕಕ್ಕೆ ಗೇಟ್ ತೆಗೆಸಿ. ಆಮೇಲೂ ಯಾರೂ ಬರದಿದ್ರೆ, ಆಗ ಧೈರ್ಯದ ಬಗ್ಗೆ ಮಾತಾಡೋಣ.