ಹುಟ್ಟಿದ ಕಾಗದ ಕೇಳುವವರು

“ಕಾಗದ ತೋರಿಸಿಬಿಟ್ಟರೆ ಮುಗಿಯಿತಲ್ಲ ಸ್ವಾಮಿ, ಕೇಳುವುದರಲ್ಲಿ ತಪ್ಪೇನು?” ಎಂದು ಈಚೆಗೆ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಮಿತ್ರರೊಬ್ಬರು ಕೇಳಿದರು. ಮಾತು ಬಂದುದು ಅಮೆರಿಕದ ಹಿಂದಿನ ಅಧ್ಯಕ್ಷ ಬರಾಕ್ ಒಬಾಮಾ ಅವರ ಜನನಪತ್ರದ ಹಳೆಯ ವ್ಯಾಜ್ಯದ ಮೇಲೆ. ಗುಮಾಸ್ತೆಯ ಕೆಲಸಕ್ಕೆ ಸೇರುವವನೂ ಹುಟ್ಟಿದ ತಾರೀಖಿಗೆ ದಾಖಲೆ ಕೊಡಬೇಕು. ದೇಶವನ್ನಾಳುವವನು ಕೊಟ್ಟರೆ ಅವನ ಗಂಟೇನು ಹೋಗುತ್ತದೆ ಎಂಬುದು ಅವರ ವಾದ. ಮಾತೇನೋ ನ್ಯಾಯವಾಗಿಯೇ ಇದೆ. ಇಂಥ ನ್ಯಾಯವಾದ ಮಾತಿನ ನೆರಳಿನಲ್ಲಿಯೇ ಆ ಅನ್ಯಾಯ ಅಷ್ಟು ವರ್ಷ ಬದುಕಿತೆಂಬುದು ನನ್ನ ವಾದ.

ಕೇಳಲೇಬಾರದೆಂದು ನಾನು ಹೇಳುತ್ತಿಲ್ಲ. ಉತ್ತರ ಪ್ರದೇಶದ ಸ್ವಾರ್ ಕ್ಷೇತ್ರದಿಂದ 2017ರಲ್ಲಿ ವಿಧಾನಸಭೆಗೆ ಗೆದ್ದ ಅಬ್ದುಲ್ಲಾ ಆಜಂ ಖಾನ್ ಅವರಿಗೆ ನಾಮಪತ್ರ ಸಲ್ಲಿಸುವಾಗ 25 ವರ್ಷ ತುಂಬಿರಲಿಲ್ಲವೆಂದು ಸೋತ ಅಭ್ಯರ್ಥಿ ತಕರಾರು ತೆಗೆದರು. ಶಾಲೆಯ ದಾಖಲೆ 1993 ಎಂದಿತು. ಗೆದ್ದವರು 1990 ಎಂದರು. ಅಲಹಾಬಾದ್ ಹೈಕೋರ್ಟು ಸಾಕ್ಷ್ಯ ತೂಗಿ 2019ರಲ್ಲಿ ಆಯ್ಕೆಯನ್ನು ರದ್ದುಮಾಡಿತು. 2022ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನಮ್ಮ ಕಡೆಯ ಹಳ್ಳಿಗಳಲ್ಲಿ ಹುಡುಗರನ್ನು ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನ ಮೇಲೆ ಒಂದು ತಾರೀಖು ಬರೆದುಕೊಳ್ಳುತ್ತಿದ್ದುದುಂಟು. (ನನ್ನ ತಂದೆಯವರ ಜನ್ಮದಿನ ಹಾಗೆ ಒಬ್ಬ ಹೆಡ್‌ಮಾಸ್ತರರು ಮಾಡಿದ ದಾನ.) ಎರಡು ದಾಖಲೆ ಎರಡು ಮಾತು ಹೇಳಿದಾಗ ಪ್ರಶ್ನೆ ಏಳುವುದು ಸಹಜ. ಅಲ್ಲಿ ಉತ್ತರ ಬೇಕಾಗಿತ್ತು, ಉತ್ತರ ಸಿಕ್ಕಿತು.

ಒಬಾಮಾ ಅವರ ವಿಷಯದಲ್ಲಿ ಎರಡು ಮಾತು ಎಲ್ಲಿತ್ತು? ಅಮೆರಿಕದ ಸಂವಿಧಾನದ ಪ್ರಕಾರ ಅಧ್ಯಕ್ಷನಾಗುವವನು ಹುಟ್ಟಿನಿಂದಲೇ ಆ ದೇಶದ ಪ್ರಜೆಯಾಗಿರಬೇಕು. ಒಬಾಮಾ ಹುಟ್ಟಿದ್ದು 1961ರ ಆಗಸ್ಟ್ 4ರಂದು, ಹವಾಯಿಯ ಹೊನೊಲುಲುವಿನಲ್ಲಿ. ಹವಾಯಿ ಅದಕ್ಕೆ ಎರಡು ವರ್ಷ ಮೊದಲೇ ಅಮೆರಿಕದ ಒಂದು ರಾಜ್ಯವಾಗಿತ್ತು. 2008ರಲ್ಲಿಯೇ ಜನನಪತ್ರವನ್ನು ಪ್ರಕಟಿಸಿದರು. ಆ ಊರಿನ ಎರಡು ದಿನಪತ್ರಿಕೆಗಳ 1961ರ ಆಗಸ್ಟ್ ಸಂಚಿಕೆಗಳಲ್ಲಿ ಮಗು ಹುಟ್ಟಿದ ಸುದ್ದಿ ಅಚ್ಚಾಗಿದ್ದುದೂ ಸಿಕ್ಕಿತು. ಐವತ್ತು ವರ್ಷದ ಮೇಲೆ ಈ ಕೂಸು ಚುನಾವಣೆಗೆ ನಿಲ್ಲುವುದೆಂದು ತಿಳಿದು ಯಾರೋ ಮುಂಚಿತವಾಗಿ ಸುಳ್ಳು ಸುದ್ದಿ ಕೊಟ್ಟಿದ್ದರೆಂದು ನಂಬಬೇಕಾದರೆ ಜ್ಯೋತಿಷ್ಯದಲ್ಲಿ ನಮಗಿಂತ ಹೆಚ್ಚು ಭಕ್ತಿ ಬೇಕು.

ಇಷ್ಟು ಸಾಲದೆಂದರು. ಆಸ್ಪತ್ರೆ, ವೈದ್ಯರ ರುಜು ಎಲ್ಲವೂ ಇರುವ ಉದ್ದನೆಯ ಪ್ರತಿ ಬೇಕೆಂದರು. ಈ ಕೂಗಿಗೆ ಮುಂದಾಳಾಗಿ ಡೊನಾಲ್ಡ್ ಟ್ರಂಪ್ ನಿಂತರು. 2011ರ ಏಪ್ರಿಲ್ 27ರಂದು ಒಬಾಮಾ ಅದನ್ನೂ ಹೊರಗಿಟ್ಟರು. ಮುಗಿಯಿತೇ? ಅದು ನಕಲಿ ಎಂಬ ಮಾತು ಹುಟ್ಟಿತು. 2012ರಲ್ಲಿ ಟ್ರಂಪ್ ಅವರು ಕಾಲೇಜಿನ ದಾಖಲೆ, ಪಾಸ್‌ಪೋರ್ಟಿನ ದಾಖಲೆ ತೋರಿಸಿದರೆ 50 ಲಕ್ಷ ಡಾಲರು ದಾನ ಕೊಡುವೆನೆಂದರು. ಅಂಕಪಟ್ಟಿ ಕೇಳುವ ಕಸುಬು ನಮ್ಮಂಥ ಮೇಷ್ಟರದೆಂದು ತಿಳಿದಿದ್ದೆ! ಒಬಾಮಾ ಅಮೆರಿಕದಲ್ಲಿಯೇ ಹುಟ್ಟಿದರೆಂದು ಟ್ರಂಪ್ ಒಪ್ಪಿಕೊಂಡದ್ದು 2016ರ ಸೆಪ್ಟೆಂಬರಿನಲ್ಲಿ, ತಾವೇ ಅಧ್ಯಕ್ಷ ಪದವಿಗೆ ನಿಂತಿದ್ದಾಗ.

ಇದೇ ಗಳಿಗೆಯಲ್ಲಿ ಇನ್ನೊಬ್ಬರನ್ನು ನೋಡಬೇಕು. 2008ರಲ್ಲಿ ಒಬಾಮಾ ಅವರ ಎದುರಾಳಿಯಾಗಿದ್ದ ಜಾನ್ ಮೆಕೇನ್ ಹುಟ್ಟಿದ್ದು 1936ರಲ್ಲಿ ಪನಾಮಾ ಕಾಲುವೆಯ ವಲಯದಲ್ಲಿ. ಆಗ ಅದು ಅಮೆರಿಕದ ಆಡಳಿತದಲ್ಲಿತ್ತು, ಆದರೆ ಅಮೆರಿಕದ ಯಾವ ರಾಜ್ಯವೂ ಅಲ್ಲ. ಕಾನೂನಿನ ತೊಡಕು ನಿಜವಾಗಿ ಇದ್ದುದು ಅಲ್ಲಿ. ಸೆನೆಟ್ ಒಂದು ನಿರ್ಣಯ ಮಾಡಿ, ಅವರು ಹುಟ್ಟಿನಿಂದ ಪ್ರಜೆಯೇ ಸರಿ ಎಂದು ಒಮ್ಮತದಿಂದ ಹೇಳಿತು. ಆ ನಿರ್ಣಯಕ್ಕೆ ಹೆಸರು ಕೊಟ್ಟವರಲ್ಲಿ ಒಬಾಮಾ ಒಬ್ಬರು. ಹೊರಗೆ ಹುಟ್ಟಿದ ಬಿಳಿಯರಿಗೆ ನಿರ್ಣಯ, ಒಳಗೆ ಹುಟ್ಟಿದ ಕರಿಯರಿಗೆ ಅನುಮಾನ. ತಂದೆ ಕೀನ್ಯಾದವರೆಂಬುದರ ಹೊರತು ಈ ಅನುಮಾನಕ್ಕೆ ನನಗೆ ಬೇರೆ ಕಾರಣ ಕಾಣದು. ತಾಯಿ ಕ್ಯಾನ್ಸಸ್ಸಿನವರೆಂಬುದನ್ನು ಕೇಳುವವರು ಮರೆತಿದ್ದರು.

ಪಾಠ ಹೇಳುವಾಗ ನನಗೆ ಕರ್ಣನ ಪ್ರಸಂಗ ಹೀಗೆಯೇ ಕಾಡುತ್ತದೆ. ಅವನ ಕುಲ ಕೇಳಿದ್ದು ಅರ್ಜುನನಿಗೆ ಸರಿಸಮನಾಗಿ ಬಿಲ್ವಿದ್ಯೆ ತೋರಿಸಿದ ಮೇಲೆ. ಬಾಣ ಗುರಿ ತಪ್ಪಿದ್ದರೆ ಯಾರೂ ಕೇಳುತ್ತಿರಲಿಲ್ಲ.

ದೂರದ ದೇಶದ ಜಗಳ ನಮಗೇಕೆಂದು ಮಿತ್ರರು ಕೇಳಬಹುದು. ಒಬಾಮಾ ಅವರ ಕಾಗದ ಕೇಳಿದವರೇ 2025ರ ಜನವರಿ 20ರಂದು, ಎರಡನೆಯ ಸಲ ಅಧಿಕಾರ ವಹಿಸಿಕೊಂಡ ದಿನವೇ, ಒಂದು ಆಜ್ಞೆಗೆ ರುಜು ಹಾಕಿದರು. ತಾಯಿ ತಾತ್ಕಾಲಿಕ ವೀಸಾದ ಮೇಲಿದ್ದು, ತಂದೆ ಪ್ರಜೆಯೋ ಕಾಯಂ ನಿವಾಸಿಯೋ ಆಗಿಲ್ಲದಿದ್ದರೆ, ಮುಂದೆ ಅಲ್ಲಿ ಹುಟ್ಟುವ ಮಗು ಅಮೆರಿಕದ ಪ್ರಜೆಯಲ್ಲವೆಂದು ಅದರ ಅರ್ಥ. ನೆಲದ ಮೇಲೆ ಹುಟ್ಟಿದವರು ಪ್ರಜೆಗಳೆಂದು ಅಲ್ಲಿನ ಸಂವಿಧಾನಕ್ಕೆ 1868ರಲ್ಲಿ ಸೇರಿದ ತಿದ್ದುಪಡಿ ಹೇಳುತ್ತದೆ. ಆದುದರಿಂದ ಆಜ್ಞೆ ಜಾರಿಗೆ ಬರುವ ಮೊದಲೇ ನ್ಯಾಯಾಲಯಗಳು ತಡೆದವು. ಆಗ ಬೆಂಗಳೂರು, ಮೈಸೂರುಗಳ ಎಷ್ಟು ಮನೆಗಳಲ್ಲಿ ಎದೆ ಡವಡವಗುಟ್ಟಿತೋ!

ನಮ್ಮ ಮಿತ್ರರ ಮಗಳು, ಅಳಿಯ ಇಬ್ಬರೂ ನ್ಯೂಜೆರ್ಸಿಯಲ್ಲಿ ಕೆಲಸದ ವೀಸಾದ ಮೇಲಿದ್ದಾರೆ. ಮೊಮ್ಮಗ ಹುಟ್ಟಿದ್ದು ಆ ವರ್ಷದ ಮೇ ತಿಂಗಳಲ್ಲಿ. ಜನನಪತ್ರದ ಒಂದು ಪ್ರತಿಯನ್ನು ಇಲ್ಲಿಗೂ ತರಿಸಿಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆಂದು ಅವರೇ ಹೇಳಿದ್ದರು. “ಹಾಗಾದರೆ ಆ ಕಾಗದ ತೋರಿಸಿಬಿಟ್ಟರೆ ಮುಗಿಯುತ್ತದಲ್ಲವೇ?” ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವರು ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೊರಟರು.