ಬಾಗಿಲು ಬಿಚ್ಚಿ ನೋಡುವ ಹಕ್ಕು

ಕಾರಿನ ಕಿಟಕಿ ಗಾಜು ಅರ್ಧಕ್ಕೆ ನಿಂತರೆ ನಮ್ಮಲ್ಲಿ ಓದಿದವರು ಮೊದಲು ಹುಡುಕುವುದು ಫೋನ್ ನಂಬರನ್ನು. ಸ್ಕ್ರೂಡ್ರೈವರ್ ಹುಡುಕುವವರು ಅಪರೂಪ. ಮನೆಯಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ ಎಂದು ಹೇಳಿಕೊಳ್ಳುವ ಪ್ರಾಧ್ಯಾಪಕರನ್ನೂ ಕಂಡಿದ್ದೇನೆ. ‘ನಮಗ ಇದೆಲ್ಲಾ ತಿಳಿಯಂಗಿಲ್ರಿ’ ಎನ್ನುವಾಗ ಅವರ ದನಿಯಲ್ಲಿ ನಾಚಿಕೆಗಿಂತ ಠೀವಿಯೇ ಹೆಚ್ಚು. ನನ್ನ ಸಿಟ್ಟು ಈ ಠೀವಿಯ ಮೇಲೆ. ಪವರ್ ವಿಂಡೋ ಎಂಬುದು ಮನೆಯಂಗಳದಲ್ಲಿ ರಿಪೇರಿ ಮಾಡಬಹುದಾದ ಯಂತ್ರ. ಅದನ್ನು ಮುಟ್ಟಬಾರದೆಂದು ನಮಗೆ ಕಲಿಸಿದವರು ಇಬ್ಬರು: ಕಾರು ಮಾರುವವರು ಮತ್ತು ಸ್ವತಃ ನಾವು.

ಬಾಗಿಲೊಳಗೆ ಅಂಥದ್ದೇನಿದೆ? ಹಿಡಿಕೆಯ ಹಿಂದೆ ಅಡಗಿರುವ ಎರಡು ಮೂರು ಸ್ಕ್ರೂ ಬಿಚ್ಚಿ, ಅಂಚಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿದರೆ ಒಳಹಲಗೆ ಕೈಗೆ ಬರುತ್ತದೆ. ಅದರ ಹಿಂದೆ ನೀರು ತಡೆಯುವ ಪ್ಲಾಸ್ಟಿಕ್ ಹಾಳೆ. ಹಾಳೆಯಾಚೆ 12 ವೋಲ್ಟಿನ ಒಂದು ಸಣ್ಣ ಮೋಟಾರು, ಅದು ತಿರುಗಿಸುವ ಗಾಲಿ, ಗಾಲಿಗೆ ಸುತ್ತಿದ ಉಕ್ಕಿನ ಕೇಬಲ್ಲು, ಗಾಜನ್ನು ಹಿಡಿದ ಪ್ಲಾಸ್ಟಿಕ್ ತುಂಡು. ಬಾವಿಯ ರಾಟೆಯನ್ನು ಅರ್ಥ ಮಾಡಿಕೊಂಡವರಿಗೆ ಇದೂ ಅರ್ಥವಾಗುತ್ತದೆ. ಮೋಟಾರಿಗೆ ಹೋಗುವ ಧನ–ಋಣ ತಂತಿಗಳು ಅದಲುಬದಲಾದರೆ ಅದು ಉಲ್ಟಾ ತಿರುಗುತ್ತದೆ. ಸ್ವಿಚ್ಚು ಮಾಡುವುದು ಇಷ್ಟನ್ನೇ.

ರೋಗ ಗುರುತಿಸುವುದಕ್ಕೆ ಕಿವಿ ಸಾಕು. ಮೋಟಾರಿನ ಸದ್ದು ಬಂದು ಗಾಜು ಕದಲದಿದ್ದರೆ ಬಹುಮಟ್ಟಿಗೆ ಕೇಬಲ್ಲೋ ಪ್ಲಾಸ್ಟಿಕ್ ತುಂಡೋ ಮುರಿದಿದೆ. ಗಾಜು ನರಳುತ್ತಾ ನಿಧಾನ ಏರಿದರೆ ಅದು ಜಾರುವ ರಬ್ಬರ್ ಪಟ್ಟಿಯಲ್ಲಿ ಧೂಳು ಕೂತಿರಬಹುದು. ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆದು ನೋಡಬೇಕು. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳ ಮೇಲೆ ಓಡಾಡುವ ಗಾಡಿಗೆ ಇದು ಮಾಮೂಲು. ಸದ್ದೇ ಇಲ್ಲವೆಂದರೆ ಫ್ಯೂಸು, ಸ್ವಿಚ್ಚು, ತಂತಿ, ಮೋಟಾರು ಎಂಬ ಸರದಿಯಲ್ಲಿ ನೋಡುತ್ತಾ ಹೋಗಬೇಕು.

ಮೂಡಲಗಿಯ ನಮ್ಮ ಮನೆಯ ಕಾರಿಗೆ ಆದದ್ದು ಈ ಕೊನೆಯದು. ಸರ್ವಿಸ್ ಸೆಂಟರಿನವರು, ಹೆಸರು ಇಲ್ಲಿ ಬೇಡ, ಬಾಗಿಲನ್ನು ಬಿಚ್ಚದೆಯೇ ‘ಇಡೀ ಅಸೆಂಬ್ಲಿ ಬದಲಿಸಬೇಕು’ ಎಂದರು. ಟ್ರ್ಯಾಕ್ಟರ್ ರಿಪೇರಿ ಮಾಡುವ ಪಕ್ಕದ ಮನೆಯ ಹುಡುಗನನ್ನು ಕರೆದು ಇಬ್ಬರೂ ಅಂಗಳದಲ್ಲಿ ಕೂತೆವು. ಅವನು ಮೋಟಾರಿಗೆ ನೇರವಾಗಿ ಬ್ಯಾಟರಿಯ ತಂತಿ ಮುಟ್ಟಿಸಿದ. ಅದು ಗುಂಯ್ ಎಂದು ತಿರುಗಿತು. ‘ಮೋಟಾರ್ ಚಲೋ ಐತ್ರಿ ಸರ, ವಾಯರ್ ಕಡದೈತಿ’ ಎಂದ. ಬಾಗಿಲಿಗೂ ಗಾಡಿಯ ಮೈಗೂ ನಡುವೆ ಒಂದು ರಬ್ಬರ್ ಕೊಳವೆ ಇರುತ್ತದೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅದರೊಳಗಿನ ತಂತಿ ಮಡಚಿಕೊಳ್ಳುತ್ತದೆ, ವರ್ಷಗಳ ಮೇಲೆ ತುಂಡಾಗುತ್ತದೆ. ಅಷ್ಟೇ ದಪ್ಪದ ತಂತಿ ತಂದು, ಬೆಸುಗೆ ಮಡಿಕೆಯ ಜಾಗಕ್ಕೆ ಬಾರದಂತೆ ನೋಡಿಕೊಂಡು ಜೋಡಿಸಿದೆವು. ಗಾಜು ಏರಿತು. ಚೆನ್ನಾಗಿದ್ದ ಮೋಟಾರು ಗುಜರಿಗೆ ಹೋಗುವುದು ತಪ್ಪಿತು.

‘ಅನಾಹುತವಾದರೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕೆಲವು ಕಾರುಗಳ ಬಾಗಿಲಲ್ಲಿ ಏರ್‌ಬ್ಯಾಗಿನ ಸೆನ್ಸರ್ ಇರುತ್ತದೆ. ಬ್ಯಾಟರಿ ಕಳಚದೆ, ಪುಸ್ತಕ ಓದದೆ ಅದರ ಹತ್ತಿರ ಹೋಗಬಾರದು. ಗಾಜು ಕೆಳಗೆ ಜಾರದಂತೆ ಟೇಪು ಹಚ್ಚಬೇಕು. ತಗಡಿನ ಅಂಚು ಬೆರಳು ಕುಯ್ಯುತ್ತದೆ, ಕೈಗವಸು ಬೇಕು. ಫ್ಯೂಸು ಸುಟ್ಟರೆ ಅಷ್ಟೇ ಆಂಪಿಯರಿನದನ್ನು ಹಾಕಬೇಕು, ಹೆಚ್ಚಿನದನ್ನಲ್ಲ. ಆದರೆ ಇವೆಲ್ಲ ಕಲಿತು ಮಾಡಿ ಎನ್ನುವುದಕ್ಕೆ ಕಾರಣಗಳು, ಮುಟ್ಟಲೇಬೇಡಿ ಎನ್ನುವುದಕ್ಕೆ ಅಲ್ಲ. ಅಡುಗೆಮನೆಯ ಗ್ಯಾಸ್ ಸಿಲಿಂಡರು ಇದಕ್ಕಿಂತ ಅಪಾಯಕಾರಿ. ಅದನ್ನು ನಮ್ಮ ತಾಯಂದಿರು ನಿತ್ಯ ನಿಭಾಯಿಸುತ್ತಾರೆ.

ಇನ್ನು ಮಾರುವವರ ವಿಷಯ. ಒಬ್ಬ ಗ್ರಾಹಕನ ದೂರಿನಿಂದ ಶುರುವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳನ್ನೂ ದೋಷ ಪತ್ತೆ ಮಾಡುವ ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆಯೋಗ ಕಂಡ ತಪ್ಪು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಕಾರುಗಳ ಜೊತೆ ಕೃಷಿ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. ಒಳ್ಳೆಯದು. ಆದರೆ ಪೋರ್ಟಲ್ಲಿನಿಂದ ಹೊಟ್ಟೆ ತುಂಬದು. ಹತ್ತು ರೂಪಾಯಿಯ ಪ್ಲಾಸ್ಟಿಕ್ ತುಂಡು ಮುರಿದರೆ ಆ ತುಂಡನ್ನೇ ಮಾರಿ ಎಂದು ಕಂಪನಿಯ ಕೈ ಹಿಡಿದು ಕೇಳುವ ಕಾಯ್ದೆ ಬೇಕು. ರಿಪೇರಿಯ ಕೈಪಿಡಿ ಕನ್ನಡದಲ್ಲಿ ಬೇಕು. ಭಾಷೆಗಾಗಿ ಬೀದಿಗಿಳಿದ ಚಳವಳಿಗೆ ‘ಗೋಕಾಕ’ ಎಂಬ ಹೆಸರೇ ನಿಂತಿದೆ. ಗೋಕಾಕದ ಗ್ಯಾರೇಜಿನ ಹುಡುಗ ಓದಬಹುದಾದ ಒಂದು ಕೈಪಿಡಿಗಾಗಿ ನಾವು ಒಂದು ಅರ್ಜಿಯನ್ನಾದರೂ ಬರೆದಿದ್ದೇವೆಯೇ?

ನಮ್ಮ ಪಾಲಿನ ತಪ್ಪು ಇದಕ್ಕಿಂತ ಹಳೆಯದು. ಕಾಯಕದ ಬಗ್ಗೆ ವಿಚಾರ ಸಂಕಿರಣ ಮಾಡುತ್ತೇವೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯರ ಮೇಲೆ ಪ್ರಬಂಧ ಮಂಡಿಸುತ್ತೇವೆ. ಸಂಕಿರಣ ಮುಗಿದ ಮೇಲೆ ಮೈಕು ಕೆಟ್ಟದ್ದನ್ನು ಸರಿಮಾಡಿದ ಹುಡುಗನ ಹೆಸರು ವಂದನಾರ್ಪಣೆಯಲ್ಲಿ ಬರುವುದಿಲ್ಲ. ಗ್ರೀಸು ಹತ್ತಿದ ಕೈಗೆ ಚಹಾದ ಕಪ್ಪು ಕೊಡುವಾಗ ಯಾವ ಕಪ್ಪು ಎಂದು ಯೋಚಿಸುವ ಮನೆಗಳು ಇನ್ನೂ ಇವೆ. ಕೈಕೆಲಸವನ್ನು ಕೀಳೆಂದು ನೋಡುವ ಈ ಹಳೆಯ ರೋಗವೇ ಕಂಪನಿಗಳಿಗೆ ಬಂಡವಾಳ. ಕೈ ಕೊಳೆ ಮಾಡಿಕೊಳ್ಳಲು ಒಲ್ಲದವನಿಗೆ ಏನನ್ನಾದರೂ ಮಾರಬಹುದು.

‘ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ಮೆಕ್ಯಾನಿಕ್ಕಿನ ಗತಿ ಏನು?’ ಎಂಬ ಕರುಣೆಯ ಮಾತೂ ಕೇಳಿದ್ದೇನೆ. ಒಮ್ಮೆ ಬಾಗಿಲು ಬಿಚ್ಚಿದವನಿಗೆ ಆ ಕೆಲಸದ ಬೆಲೆ ಗೊತ್ತಿರುತ್ತದೆ. ಅವನು ನೂರು ರೂಪಾಯಿಗೆ ಚೌಕಾಶಿ ಮಾಡುವುದಿಲ್ಲ. ಸುಳ್ಳು ಬಿಲ್ಲಿಗೆ ತಲೆಯಾಡಿಸುವುದೂ ಇಲ್ಲ.

ಈ ಸೀಮೆಗೆ ಯಂತ್ರದ ಭಯ ಒಪ್ಪುವುದಿಲ್ಲ. ಘಟಪ್ರಭೆಯ ಧಾರೆಯಿಂದ ಹತ್ತೊಂಬತ್ತನೆಯ ಶತಮಾನದಲ್ಲೇ ನೂಲಿನ ಗಿರಣಿ ನಡೆದ ಊರು ಗೋಕಾಕ. ಹುಕ್ಕೇರಿಯಲ್ಲಿ 1969ರಿಂದ ಹಳ್ಳಿಗಳಿಗೆ ಕರೆಂಟು ಹಂಚುತ್ತಿರುವುದು ಜನರದೇ ಸಹಕಾರಿ ಸಂಘ. ಊರಿಗೆ ಊರೇ ವಿದ್ಯುತ್ತನ್ನು ತನ್ನ ಕೈಗೆ ತೆಗೆದುಕೊಂಡ ತಾಲ್ಲೂಕಿನ ಮಕ್ಕಳು ಒಂದು ಫ್ಯೂಸಿಗೆ ಹೆದರಬೇಕೇ?

ಓದುವ ಹುಡುಗ ಹುಡುಗಿಯರಿಗೆ ನನ್ನದೊಂದೇ ಮಾತು. ಪಠ್ಯವನ್ನು ಬಿಡಿಸಿ ಓದಲು ಕಲಿಯುತ್ತಿದ್ದೀರಿ. ಒಂದು ಯಂತ್ರವನ್ನೂ ಬಿಡಿಸಿ ಓದಿ. ಎಲ್ಲ ಕೆಲಸವೂ ನಿಮ್ಮಿಂದಾಗಬೇಕಿಲ್ಲ. ಯಾವುದು ಕೆಟ್ಟಿದೆ ಎಂಬುದು ತಿಳಿದರೂ ಸಾಕು, ನಿಮಗೆ ಯಾರೂ ಇಡೀ ಅಸೆಂಬ್ಲಿ ಮಾರಲಾರರು.